ಬೆಳೆ ಹೋದರೆ ನಿಯಮ ಇದೆ, ಕಾಲು ಹೋದರೆ ಇಲ್ಲ

ಈ ವಾರ ತೋಟದ ವಿಷಯ ಬರೆಯಲ್ಲ. ತೆಂಗಿನ ಕಪ್ಪುತಲೆ ಹುಳದ ಬಗ್ಗೆ ಅರ್ಧ ಬರೆದಿಟ್ಟಿದೀನಿ, ಅದು ಮುಂದಿನ ವಾರಕ್ಕೆ. ಇವತ್ತು ಮನೆ ಸಾಲದ ವಿಷಯ. ಬ್ಯಾಂಕಿಗೆ ಮನೆ ಅಡಮಾನ ಇಟ್ಟು ಕಂತು ಕಟ್ಟುತ್ತಾ ಇರೋ ಸಂಸಾರದಲ್ಲಿ ದುಡಿಯೋನಿಗೇ ಕೈಯೋ ಕಾಲೋ ಬೆನ್ನೋ ಹೋದರೆ ಮುಂದೇನು ಅಂತ. ನಮ್ಮಲ್ಲಿ ಇದನ್ನ ಯಾರೂ ಬಾಯಿ ಬಿಟ್ಟು ಮಾತಾಡಲ್ಲ. ಬೋರು ಬತ್ತಿದ್ದನ್ನ ಊರಿಗೆಲ್ಲ ಹೇಳ್ತೀವಿ, ಕಂತು ಕಟ್ಟೋಕಾಗ್ತಿಲ್ಲ ಅನ್ನೋದನ್ನ ಮಾತ್ರ ಅಣ್ಣತಮ್ಮಂದಿರಿಗೂ ಹೇಳಲ್ಲ.

ನನ್ನ ಭಾವಮೈದನದ್ದೇ ಕತೆ ಹೇಳ್ತೀನಿ. ಅವನನ್ನ ಕೇಳೇ ಬರೀತಿದೀನಿ, ಹೆಸರು ಊರು ಬೇಡ. ಎರಡೂವರೆ ಎಕರೆ ತೆಂಗು, ಜೊತೆಗೆ ಒಂದು ಲಗೇಜ್ ಗಾಡಿ. ಗಾಡಿ ಬಾಡಿಗೆ ನಂಬಿಕೊಂಡು ಊರೊಳಗಿನ ಸೈಟಿಗೆ ಇ-ಸ್ವತ್ತು ಮಾಡಿಸಿ, ಮನೆ ಕಟ್ಟೋಕೆ 12 ಲಕ್ಷ ಸಾಲ ತಗೊಂಡ. 15 ವರ್ಷದ ಅವಧಿ, ನೂರಕ್ಕೆ 9ರ ಬಡ್ಡಿ, ತಿಂಗಳಿಗೆ 12,171 ರೂಪಾಯಿ ಕಂತು. ನಾಲ್ಕು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ಕಾಯಿ ಕೀಳೋರು ಸಿಗಲಿಲ್ಲ ಅಂತ ತಾನೇ ಮರ ಹತ್ತಿದ. ಮಳೆ ಬಂದು ಮರ ಜಾರುತ್ತಿತ್ತು. ಬಿದ್ದ. ಜೀವ ಉಳೀತು, ಬೆನ್ನುಮೂಳೆ ಮುರೀತು, ಎರಡೂ ಕಾಲು ಸ್ವಾಧೀನ ಇಲ್ಲ. ವಯಸ್ಸು ನಲವತ್ತೆರಡು.

ಆಮೇಲೆ ಆ ಮನೆಯಲ್ಲಿ ಐದು ತಿಂಗಳು ಏನು ನಡೀತು ಅನ್ನೋದು ಮುಖ್ಯ, ಯಾಕಂದ್ರೆ ಬಹಳ ಮನೆಗಳಲ್ಲಿ ಹೀಗೇ ನಡೆಯುತ್ತೆ. ಮೊದಲನೇ ಕಂತಿಗೆ ಗಬ್ಬದ ಹಸು ಹೋಯ್ತು. ಎರಡು ಮೂರನೇದಕ್ಕೆ ನಮ್ಮ ತಂಗಿಯ (ಅವನ ಹೆಂಡತಿ, ನನಗೆ ಅಣ್ಣ ಅಂತಾಳೆ) ಬಳೆ, ಸರ ಗಿರವಿಗೆ ಹೋಯ್ತು. ನಾಲ್ಕು ಐದಕ್ಕೆ ಕೈಸಾಲ, ಮೂರು ರೂಪಾಯಿ ಬಡ್ಡಿ. ಪೇಟೆಯ ಹುಡುಗರಿಗೆ ಗೊತ್ತಿಲ್ಲದಿದ್ರೆ ಹೇಳ್ತೀನಿ, ಮೂರು ರೂಪಾಯಿ ಅಂದ್ರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ 36. ಒಂಬತ್ತರ ಬಡ್ಡಿಯ ಸಾಲ ತೀರಿಸೋಕೆ ಮೂವತ್ತಾರರ ಬಡ್ಡಿಯ ಸಾಲ! ಬ್ಯಾಂಕಿಗೆ ಮಾತ್ರ ಏನೂ ಗೊತ್ತಿಲ್ಲ, ಅವರ ಕಂಪ್ಯೂಟರಲ್ಲಿ ಎಲ್ಲಾ ಸರಿಯಾಗಿದೆ. "ಬ್ಯಾಂಕಿನೋರು ಮನೆ ಮುಂದೆ ಬಂದು ನಿಂತ್ರೆ ಮರ್ಯಾದೆ ಏನಾಗುತ್ತೆ ಅಣ್ಣ" ಅಂದಳು. ಆ ಮರ್ಯಾದೆಗೆ ಐದು ತಿಂಗಳಲ್ಲಿ ಹಸು, ಒಡವೆ ಎಲ್ಲಾ ಕರಗಿತು.

ನನ್ನ ಮೊದಲನೇ ಅಭಿಪ್ರಾಯ ಇಲ್ಲೇ ಹೇಳಿಬಿಡ್ತೀನಿ. ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ, ಒಂದು ಕಂತೂ ತಪ್ಪದೇ ಇರುವಾಗಲೇ ಬ್ಯಾಂಕಿಗೆ ಹೋಗಬೇಕು. ಬಾಯಿಮಾತಲ್ಲಿ ಅಲ್ಲ, ಬರಹದಲ್ಲಿ. ಏನಾಯ್ತು, ಯಾವತ್ತು ಆಯ್ತು, ಈಗ ಮನೆಗೆ ಎಷ್ಟು ಬರುತ್ತೆ, ಎಷ್ಟು ಕಟ್ಟಬಲ್ಲೆವು ಅಂತ ಒಂದೇ ಪುಟದ ಅರ್ಜಿ. ಡಿಸ್ಚಾರ್ಜ್ ಸಮ್ಮರಿ ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬರೋ ಆದಾಯಕ್ಕೆ ಡೇರಿ ಪಾಸ್‌ಬುಕ್ ತೋರಿಸಿ. ಹಾಲಿನ ದುಡ್ಡು ಖಾತೆಗೆ ಜಮಾ ಆಗೋದು ಬ್ಯಾಂಕಿನವರು ಒಪ್ಪೋ ಲೆಕ್ಕ, ಕೊಬ್ಬರಿ ಮಾರಿದ ಚೀಟಿ ಒಪ್ಪೋದು ಕಷ್ಟ. ಹೆಂಡತಿ ಜಂಟಿ ಸಾಲಗಾರಳಾಗಿದ್ರೆ ಅವಳ ಸಹಿಯೂ ಬೇಕು.

ಆರನೇ ತಿಂಗಳು ನಾನೇ ಅವಳ ಜೊತೆ ಹೋದೆ. ಮ್ಯಾನೇಜರ್ ಇನ್ನೂ ಹುಡುಗ, ಬೇರೆ ರಾಜ್ಯದವನು, ಕಷ್ಟಪಟ್ಟು ಕನ್ನಡ ಮಾತಾಡ್ತಾನೆ. ಕೆಟ್ಟವನಲ್ಲ, ಕೂರಿಸಿ ನೀರು ಕೊಟ್ಟ. ಮೊದಲು ನೋಡಿದ್ದು ವಿಮೆ. ಸಾಲ ಕೊಡುವಾಗ ಇಪ್ಪತ್ತಾರು ಸಾವಿರ ವಿಮೆ ಕಂತು ಅಂತ ಸಾಲಕ್ಕೇ ಸೇರಿಸಿದ್ರು, ಅದಕ್ಕೂ ಇವನು ಬಡ್ಡಿ ಕಟ್ಟುತ್ತಾ ಬಂದಿದಾನೆ. ಪಾಲಿಸಿ ಪತ್ರ ತೆಗೆಸಿ ನೋಡಿದ್ರೆ, ಸತ್ತರೆ ಮಾತ್ರ ದುಡ್ಡು. ಶಾಶ್ವತ ಅಂಗವೈಕಲ್ಯಕ್ಕೆ ಬೇರೆ ಸೇರ್ಪಡೆ ಬೇಕಂತೆ, ಅದನ್ನ ಹಾಕೇ ಇಲ್ಲ, ಬೇಕಾ ಅಂತ ಕೇಳಿಯೂ ಇಲ್ಲ. ಮನೆಗೆ ಬಂದು ಹೇಳಿದಾಗ ಭಾವಮೈದ ಮಲಗಿದ್ದಲ್ಲೇ ನಕ್ಕ. "ಭಾವ, ಹಂಗಾದ್ರೆ ಇನ್ನೊಂದು ನಾಲ್ಕಡಿ ಮೇಲಿಂದ ಬಿದ್ದಿದ್ರೆ ಮನೆ ಉಳೀತಿತ್ತು" ಅಂದ. ನಾನು ಎದ್ದು ಹೊರಗೆ ಬಂದೆ.

ಇನ್ನು ಸಾಲ ಸಡಿಲ ಮಾಡೋ ದಾರಿಗಳು. ಮೂರು ಮಾತು ಬಂತು, ಮೂರಕ್ಕೂ ಲೆಕ್ಕ ಹಾಕಿ ನೋಡಿದೆ. ಎಸ್ಸೆಸ್ಸೆಲ್ಸಿ ಲೆಕ್ಕ ಸಾಕು ಇದಕ್ಕೆ, ಮಗಳ ಮೊಬೈಲಲ್ಲಿ ಕಂತಿನ ಕ್ಯಾಲ್ಕುಲೇಟರ್ ಇದೆ. ಆಗ ಬಾಕಿ ಇದ್ದದ್ದು 9 ಲಕ್ಷ 94 ಸಾವಿರ, ಉಳಿದ ತಿಂಗಳು 127. ಒಂದು, ಆರು ತಿಂಗಳು ಕಂತೇ ಬೇಡ ಅಂತ ಬಿಡೋದು. ಕೊರೋನಾದಲ್ಲಿ 2020ರ ಮಾರ್ಚಿಂದ ಆಗಸ್ಟ್ ತನಕ ಎಲ್ಲರಿಗೂ ಬಿಟ್ಟಿದ್ರಲ್ಲ, ಹಂಗೆ. ಆದರೆ ಬಿಟ್ಟದ್ದು ಕಂತು ಮಾತ್ರ, ಬಡ್ಡಿ ನಿಲ್ಲಲ್ಲ. ಇವನ ಸಾಲಕ್ಕೆ ಆರು ತಿಂಗಳಿಗೆ 45 ಸಾವಿರ ಚಿಲ್ಲರೆ ಅಸಲಿಗೆ ಸೇರಿಕೊಳ್ಳುತ್ತೆ. ಎರಡು, ಅವಧಿ ಎಳೆಯೋದು. 127 ತಿಂಗಳನ್ನ 240 ಮಾಡಿದ್ರೆ ಕಂತು ಸುಮಾರು 8,950ಕ್ಕೆ ಇಳಿಯುತ್ತೆ. ತಿಂಗಳಿಗೆ ಮೂರು ಸಾವಿರದ ಇನ್ನೂರು ಉಳಿತಾಯ ಅಂತ ಖುಷಿ ಆಗಬಹುದು, ಕೊನೆಗೆ ಕಟ್ಟೋದು 6 ಲಕ್ಷ ಜಾಸ್ತಿ. ಮೂರು, ಎಲ್ಲಿಂದಾದ್ರೂ ಒಂದು ಗಂಟು ತಂದು ಅಸಲಿಗೆ ಕಟ್ಟಿ ಕಂತು ಇಳಿಸಿಕೊಳ್ಳೋದು. 2 ಲಕ್ಷ ಕಟ್ಟಿದ್ರೆ ಅವಧಿ ಒಂದು ತಿಂಗಳೂ ಎಳೆಯದೆ ಕಂತು 9,700ರ ಹತ್ತಿರ ಬರುತ್ತೆ. ಇಲ್ಲಿ ಒಂದು ಎಚ್ಚರಿಕೆ. ಗಂಟು ಕಟ್ಟಿದಾಗ ಏನೂ ಹೇಳದಿದ್ರೆ ಸಾಮಾನ್ಯವಾಗಿ ಕಂತು ಅಷ್ಟೇ ಇಟ್ಟು ಅವಧಿ ಕಡಿಮೆ ಮಾಡ್ತಾರೆ. ಬೇರೆಯವರಿಗೆ ಅದೇ ಒಳ್ಳೇದು. ನಮ್ಮಂಥ ಹೊತ್ತಲ್ಲಿ "ಅವಧಿ ಹಾಗೇ ಇರಲಿ, ಕಂತು ಇಳಿಸಿ" ಅಂತ ಬರೆದು ಕೊಡಬೇಕು. ಏರಿಳಿಯೋ ಬಡ್ಡಿಯ ಮನೆ ಸಾಲಕ್ಕೆ ಮುಂಚೆ ಕಟ್ಟಿದ ದಂಡ ಹಾಕೋ ಹಾಗಿಲ್ಲ.

ಮೊದಲೆರಡು ದಾರಿ ಕೇಳಿದ್ದಕ್ಕೆ ಮ್ಯಾನೇಜರ್ ತಲೆ ಅಲ್ಲಾಡಿಸಿದ. ಯಾಕೆ ಅಂತ ಕೆದಕಿದೆ. ಅವನು ಹೇಳಿದ್ದು ಕೇಳಿ ನನಗೆ ತಲೆ ಕೆಟ್ಟಿತು, ಈ ಬರಹಕ್ಕೆ ಕಾರಣವೂ ಅದೇ. ಸಾಲಗಾರ ಕಷ್ಟದಲ್ಲಿದ್ದಾನೆ ಅಂತ ಬ್ಯಾಂಕು ಕಂತನ್ನೋ ಅವಧಿಯನ್ನೋ ಸಡಿಲ ಮಾಡಿದ್ರೆ ಅದಕ್ಕೆ ರೀಸ್ಟ್ರಕ್ಚರ್ ಅಂತಾರೆ. ಹಾಗೆ ಮಾಡಿದ ತಕ್ಷಣ, ಅದುವರೆಗೆ ಸರಿಯಾಗಿದ್ದ ಸಾಲವೂ ನಿಯಮದ ಪ್ರಕಾರ ಎನ್‌ಪಿಎ, ಅಂದ್ರೆ ಕೆಟ್ಟ ಸಾಲದ ಲೆಕ್ಕಕ್ಕೆ ಹೋಗುತ್ತೆ. ಬ್ಯಾಂಕು ಅದಕ್ಕೆ ತನ್ನ ಲಾಭದಿಂದ ದುಡ್ಡು ಎತ್ತಿಡಬೇಕು, ಶಾಖೆಯ ಲೆಕ್ಕ ಕೆಡುತ್ತೆ, ಸಾಲಗಾರನ ಸಿಬಿಲ್ ಕೆಡುತ್ತೆ. ಸಾಲದ್ದಕ್ಕೆ ಎನ್‌ಪಿಎ ಅನ್ನೋದು ಸಾಲಕ್ಕಲ್ಲ, ಮನುಷ್ಯನಿಗೆ ಅಂಟೋದು. ಅದೇ ಬ್ಯಾಂಕಲ್ಲಿ ಬೆಳೆ ಸಾಲ ಇದ್ರೆ ಅದೂ ಕೆಟ್ಟ ಸಾಲ ಆಗುತ್ತೆ. ಹಾಗಾಗಿ ಮ್ಯಾನೇಜರ್ ಹೇಳೋದು ಏನಂದ್ರೆ, ಹೇಗಾದ್ರೂ ಕಟ್ಟಿ. ಆ ಹೇಗಾದ್ರೂ ಅನ್ನೋದು ಮೂರು ರೂಪಾಯಿ ಬಡ್ಡಿಯವನ ಬಾಗಿಲಿಗೆ ಹೋಗುತ್ತೆ.

ಈಗ ಬರಗಾಲ ನೆನೆಸಿಕೊಳ್ಳಿ. ಪ್ರಕೃತಿ ವಿಕೋಪದ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಕೊಟ್ಟ ನಿರ್ದೇಶನದಲ್ಲಿ ಬೆಳೆ ನಷ್ಟ ನೂರಕ್ಕೆ 33 ದಾಟಿದ್ರೆ ಬೆಳೆ ಸಾಲದ ಅವಧಿ ಎರಡು ವರ್ಷದ ತನಕ, 50 ದಾಟಿದ್ರೆ ಐದು ವರ್ಷದ ತನಕ ಮುಂದೂಡಬಹುದು ಅಂತ ಬರೆದಿತ್ತು. ಅದರೊಳಗೆ ಒಂದು ವರ್ಷ ಕಂತೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಹಾಗೆ ಮುಂದೂಡಿದ ಸಾಲವನ್ನ ಕೆಟ್ಟ ಸಾಲ ಅಂತ ಬರೆಯೋ ಹಾಗಿಲ್ಲ, ಒಳ್ಳೆ ಸಾಲವಾಗೇ ಉಳಿಯುತ್ತೆ. ಯಾಕೆ ಈ ವಿನಾಯಿತಿ? ಮಳೆ ಬರದೇ ಇದ್ದದ್ದು ರೈತನ ತಪ್ಪಲ್ಲ ಅಂತ. ಸರಿ. ಮರದಿಂದ ಬಿದ್ದದ್ದು, ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕಿದ್ದು, ಸಕ್ಕರೆ ಕಾಯಿಲೆಗೆ ಕಾಲು ತೆಗೆದದ್ದು, ಪಾರ್ಶ್ವವಾಯು ಹೊಡೆದದ್ದು ಯಾರ ತಪ್ಪು? ರಾಗಿ ಮೂರರಲ್ಲಿ ಒಂದು ಪಾಲು ಒಣಗಿದ್ರೆ ಬ್ಯಾಂಕಿಗೆ ನಿಯಮ ಇದೆ, ರಾಗಿ ಬೆಳೆಯೋನೇ ಅರ್ಧ ಒಣಗಿದ್ರೆ ಮ್ಯಾನೇಜರನ ಮನಸ್ಸು ನಂಬಬೇಕು.

ನನ್ನ ವಾದ ಇಷ್ಟು. ಸಾಲ ಮನ್ನಾ ಮಾಡಿ ಅಂತ ನಾನು ಕೇಳ್ತಿಲ್ಲ, ಮನ್ನಾ ರಾಜಕೀಯ ಬೇರೆ. ಸಾಲ ತಗೊಂಡ ಮೇಲೆ ದುಡಿಯೋ ವ್ಯಕ್ತಿಗೆ ಶಾಶ್ವತ ಅಂಗವೈಕಲ್ಯ ಬಂದ್ರೆ, ಇರೋ ಒಂದೇ ಮನೆಯ ಸಾಲಕ್ಕೆ ಒಂದು ವರ್ಷ ಕಂತು ಬಿಟ್ಟು ಅವಧಿ ಎಳೆಯೋ ಅವಕಾಶ ಕೊಡಿ, ಹಾಗೆ ಎಳೆದ ಸಾಲವನ್ನ ಬರಗಾಲದ ಸಾಲದ ಹಾಗೇ ಒಳ್ಳೆ ಸಾಲ ಅಂತಾನೇ ಇಡಿ. ಬಡ್ಡಿ ತಗೊಳ್ಳಲಿ, ಅಸಲು ತಗೊಳ್ಳಲಿ. ಅವಧಿ ಎಳೆದ್ರೆ ಆರು ಲಕ್ಷ ಜಾಸ್ತಿ ಕಟ್ಟಬೇಕು ಅಂತ ಮೇಲೆ ನಾನೇ ಬರೆದೆ, ಹಾಗಾದ್ರೂ ಆ ದಾರಿ ಇರಲಿ ಅಂತೀನಿ. ಮನೆಯ ದುಡಿಮೆ ಮತ್ತೆ ದಾರಿಗೆ ಬರೋಕೆ ಒಂದು ವರ್ಷ ಬೇಕು. ಹೆಂಡತಿ ಎರಡು ಹಸು ನಾಲ್ಕು ಮಾಡಬೇಕು, ಮಗಳು ಓದು ಮುಗಿಸಬೇಕು. ದುಡ್ಡು ಬಂದಾಗ ಮುಂಚೆ ಕಟ್ಟಿ ಅವಧಿ ಇಳಿಸಿಕೊಳ್ಳಬಹುದು. ಹರಾಜಾದ ಮನೆಯನ್ನ ಮತ್ತೆ ಕೊಳ್ಳೋಕಾಗಲ್ಲ.

ಜನ ಸುಳ್ಳು ಸರ್ಟಿಫಿಕೇಟ್ ತರ್ತಾರೆ ಅಂತ ಒಬ್ಬ ನಿವೃತ್ತ ಬ್ಯಾಂಕ್ ನೌಕರರು ನನ್ನ ಜೊತೆ ವಾದ ಮಾಡಿದ್ರು. ತರೋರು ತರ್ತಾರೆ. ಬೆಳೆ ನಷ್ಟಕ್ಕೂ ಸುಳ್ಳು ಬರೆಸೋರು ಇದ್ದಾರೆ, ಅದಕ್ಕೆ ಬರ ಪರಿಹಾರ ನಿಲ್ಲಿಸಿದಾರಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನೂರಕ್ಕೆ 40ರ ಮಿತಿ ಇದೆ, ಸರ್ಕಾರಿ ಆಸ್ಪತ್ರೆಯ ವೈದ್ಯರು ನೋಡಿ ಕೊಡೋ ಯುಡಿಐಡಿ ಕಾರ್ಡ್ ಇದೆ. ಬಸ್ ಪಾಸಿಗೆ, ಪಿಂಚಣಿಗೆ ಆ ಕಾರ್ಡು ನಂಬೋ ಸರ್ಕಾರ ಮನೆ ಸಾಲಕ್ಕೂ ನಂಬಬಹುದು. ತಮಾಷೆ ಅಂದ್ರೆ ಅದೇ ಕಾಯ್ದೆಯಲ್ಲಿ ಸರ್ಕಾರಿ ವಸತಿ ಯೋಜನೆಗಳಲ್ಲಿ ವಿಕಲಚೇತನರಿಗೆ ನೂರಕ್ಕೆ 5 ಮೀಸಲು ಇದೆ. ಮನೆ ಕಳಕೊಂಡು ಬೀದಿಗೆ ಬಂದ ಮೇಲೆ ಹೊಸ ಮನೆಗೆ ಅರ್ಜಿ ಹಾಕು ಅಂತ ಆಯ್ತು, ಇರೋ ಮನೆ ಉಳಿಸಿಕೊಡೋಕೆ ಒಂದು ಸಾಲೂ ಇಲ್ಲ. ಕರ್ನಾಟಕದಲ್ಲಿ ಎಲ್ಲಾ ಬ್ಯಾಂಕುಗಳು ಕೂರೋ ರಾಜ್ಯ ಮಟ್ಟದ ಬ್ಯಾಂಕರ್‌ಗಳ ಸಮಿತಿ ಇದೆ. ರೈತ ಸಂಘದವರು ಪ್ರತಿ ಸಲ ಬೆಳೆ ಸಾಲ ಹಿಡಿದುಕೊಂಡು ಹೋಗ್ತಾರೆ. ಇದನ್ನೂ ಹಿಡಿದುಕೊಂಡು ಹೋಗಿ ರಿಸರ್ವ್ ಬ್ಯಾಂಕಿಗೆ ಬರೆಸಲಿ ಅಂತ ನಮ್ಮ ತಾಲ್ಲೂಕಿನವರಿಗೆ ಹೇಳಿದೀನಿ.

ನಿಯಮ ಬರೋ ತನಕ ಏನು ಮಾಡೋದು? ನಮ್ಮವನಿಗೆ ಮೂರನೇ ದಾರಿ ತೆರೆದದ್ದು ಇಪ್ಪತ್ತು ರೂಪಾಯಿಂದ. ಮಗಳು ಪಿಯುಸಿ ಓದ್ತಾಳೆ, ಅಪ್ಪನ ಹಳೇ ಜನಧನ್ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಸಾಲು ಸಾಲು ಓದಿದಳು. ಮೇ ತಿಂಗಳಲ್ಲಿ 20 ರೂಪಾಯಿ ಕಟ್ ಆಗಿತ್ತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಅಪಘಾತದಲ್ಲಿ ಸತ್ತರೆ, ಅಥವಾ ಎರಡು ಕಣ್ಣು, ಎರಡು ಕೈ, ಎರಡು ಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದ್ರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲಿಗೆ 1 ಲಕ್ಷ. ಇದನ್ನ 436 ರೂಪಾಯಿಯ ಜೀವನ್ ಜ್ಯೋತಿ ಜೊತೆ ಕಲಸಬೇಡಿ, ಅದು ಸತ್ತರೆ ಮಾತ್ರ.

ಇದರಲ್ಲಿ ನಮ್ಮ ಕಡೆಯವರಿಗೆ ಬೇಕಾದ ಒಂದು ಸಂಗತಿ ಇದೆ. ರಸ್ತೆ ಅಪಘಾತಕ್ಕೆ ಪೊಲೀಸ್ ದೂರು ಬೇಕು. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದಕ್ಕೆ ತಕ್ಷಣದ ಆಸ್ಪತ್ರೆ ದಾಖಲೆ ಸಾಕು ಅಂತ ಯೋಜನೆಯಲ್ಲೇ ಹೇಳಿದಾರೆ. ಹಾಗಾಗಿ ಆಸ್ಪತ್ರೆಗೆ ಸೇರಿಸುವಾಗ ಕೇಸ್ ಶೀಟಲ್ಲಿ "ತೆಂಗಿನ ಮರದಿಂದ ಬಿದ್ದು" ಅಂತ ಬರೆಸಿ. ಗಾಬರಿಯಲ್ಲಿ ಯಾರೋ "ಮನೇಲಿ ಜಾರಿ ಬಿದ್ರು" ಅಂದುಬಿಟ್ಟರೆ ಆಮೇಲೆ ಆ ಕಾಗದ ತಿದ್ದಿಸೋದು ಬ್ರಹ್ಮನಿಗೂ ಆಗಲ್ಲ. ಕ್ಲೈಮ್ ಅರ್ಜಿ 30 ದಿನದೊಳಗೆ ಕೊಡಬೇಕು. ನಮ್ಮದು ಆರು ತಿಂಗಳು ಕಳೆದಿತ್ತು. ಕಾಗದ ಗಟ್ಟಿಯಿತ್ತು, ಅಂಗವೈಕಲ್ಯದ ಪ್ರಮಾಣಪತ್ರ ಆಮೇಲೆ ಬಂತು ಅಂತ ವಿವರಣೆ ಬರೆದುಕೊಟ್ವಿ, ನಾಲ್ಕು ತಿಂಗಳು ಓಡಾಡಿಸಿ ಕೊಟ್ರು. ಎಲ್ಲರಿಗೂ ಹಾಗೆ ಕೊಡ್ತಾರೆ ಅಂತ ನಂಬಿಕೊಂಡು ಕೂರಬೇಡಿ. ಯುಡಿಐಡಿ ಕೆಲಸಕ್ಕೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಇರ್ತಾರೆ, ನಮ್ಮೂರಿನ ಆ ಹುಡುಗ ತಾನೂ ಪೋಲಿಯೋ ಆದವನು, ಮೂರು ಸಲ ಆಸ್ಪತ್ರೆಗೆ ಜೊತೆಗೆ ಬಂದ.

ಆ 2 ಲಕ್ಷ ಅಸಲಿಗೆ ಕಟ್ಟಿದ್ವಿ. ಗಾಡಿ ಮಾರಿದ ದುಡ್ಡಲ್ಲಿ ಕೈಸಾಲ ಮೊದಲು ತೀರಿಸಿ, ನಡುವೆ ನಿಂತಿದ್ದ ಕಂತುಗಳನ್ನ ಕಟ್ಟಿದ್ವಿ. ಈಗ ಹಾಲಿನ ದುಡ್ಡಲ್ಲಿ ಕಂತು, ತೆಂಗಿನ ದುಡ್ಡಲ್ಲಿ ಊಟ, ಔಷಧಿ. ಕುತ್ತಿಗೆ ಮೇಲೆ ನೀರಿದೆ, ಮುಳುಗಿಲ್ಲ.

ಮುಳುಗೋ ಹಂತಕ್ಕೆ ಹೋದವರಿಗೆ ಎರಡು ಮಾತು. ಕಂತು 90 ದಿನ ಮೀರಿ ಬಾಕಿ ಉಳಿದ್ರೆ ಎನ್‌ಪಿಎ. ಅಲ್ಲಿಗೆ ಹೋದ ಮೇಲೆ ಒಂದು ಕಂತು ಕಟ್ಟಿದ್ರೆ ವಾಪಸ್ ಬರಲ್ಲ, ಪೂರ್ತಿ ಬಾಕಿ ಕಟ್ಟಬೇಕು, ಅದಕ್ಕೇ 90ರೊಳಗೆ ಓಡಾಡಬೇಕು ಅನ್ನೋದು. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ 60 ದಿನದ ನೋಟಿಸ್ ಬರುತ್ತೆ. ಅದನ್ನ ದೇವರ ಫೋಟೋ ಹಿಂದೆ ಸಿಕ್ಕಿಸಿ ಇಡಬೇಡಿ! ಆ 60 ದಿನದಲ್ಲಿ ಆಕ್ಷೇಪಣೆ ಬರೆದು ಕೊಟ್ಟರೆ ಬ್ಯಾಂಕು 15 ದಿನದಲ್ಲಿ ಉತ್ತರ ಕೊಡಲೇಬೇಕು. ಮನೆ ವಶಕ್ಕೆ ತಗೊಂಡ್ರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ವಸೂಲಿಗೆ ಬರೋರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋ ಹಾಗಿಲ್ಲ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಅಂಗವೈಕಲ್ಯ ಇರೋರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗ್ತಾರೆ. ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ಫೋನು 15100. ಒಂದೇ ಸಲ ಇಷ್ಟು ಕಟ್ಟಿ ಮುಗಿಸ್ತೀವಿ ಅನ್ನೋ ರಾಜಿಯನ್ನ ಲೋಕ ಅದಾಲತ್ತಲ್ಲಿ ಮಾಡಿಕೊಳ್ಳಿ, ಬಾಯಿಮಾತಿನ ರಾಜಿ ಮಾಡಿಕೊಳ್ಳಬೇಡಿ.

ಇನ್ನೊಂದು, ಇದು ಬಹಳ ಮುಖ್ಯ. ಮನೆ ಸಾಲ ಉಳಿಸೋಕೆ ತೋಟದ ಪಹಣಿ ತಂದು ಅಡ ಇಡಿ ಅಂತ ಸಲಹೆ ಕೊಡೋರು ಬರ್ತಾರೆ. ನಮ್ಮ ಹತ್ತಿರವೂ ಬಂದ್ರು, ಖಾಸಗಿ ಕಂಪನಿಯ ಏಜೆಂಟ್, ಇಸ್ತ್ರಿ ಶರ್ಟು. ಕೃಷಿ ಜಮೀನನ್ನ ಸರ್ಫೇಸಿ ಕಾಯ್ದೆಯಲ್ಲಿ ವಶ ಮಾಡಿಕೊಳ್ಳೋಕಾಗಲ್ಲ, ಆ ರಕ್ಷಣೆ ಕಾಯ್ದೆಯಲ್ಲೇ ಇದೆ. ಹಾಗಂತ ಬೇರೆ ಕೋರ್ಟಿಗೆ ಹೋಗಿ ವಸೂಲು ಮಾಡೋ ದಾರಿ ಮುಚ್ಚಿಲ್ಲ. ಮನೆ ಹೋದ್ರೆ ತೋಟದಲ್ಲಿ ಶೀಟು ಹಾಕಿಕೊಂಡು ಬದುಕಬಹುದು, ತೋಟವೂ ಹೋದ್ರೆ ಗಾಲಿಕುರ್ಚಿಯಲ್ಲಿ ಕೂತೋನು ಏನು ತಿನ್ನಬೇಕು? ಯಾವ ಲೆಕ್ಕ ಹಾಕಿದ್ರೂ ಕಂತು ಕಟ್ಟೋಕೆ ಆಗೋದೇ ಇಲ್ಲ ಅಂತಾದ್ರೆ, ಬ್ಯಾಂಕಿಗೆ ತಿಳಿಸಿ ನೀವೇ ಗಿರಾಕಿ ಹುಡುಕಿ ಮನೆ ಮಾರಿ. ಹರಾಜಿಗಿಂತ ಎರಡು ಕಾಸು ಜಾಸ್ತಿ ಸಿಗುತ್ತೆ. ಇದನ್ನ ಹೇಳಿದ್ದಕ್ಕೆ ನಮ್ಮ ಅತ್ತೆಯವರು ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ರು. ಬಿಡಲಿ.

ಹೊಸದಾಗಿ ಮನೆ ಸಾಲಕ್ಕೆ ಓಡಾಡ್ತಾ ಇರೋರು ಸಹಿ ಹಾಕೋ ಮುಂಚೆ ಮುಖ್ಯಾಂಶ ಪತ್ರ ಕೇಳಿ, ಕೆಎಫ್‌ಎಸ್ ಅಂತಾರೆ. 2024ರ ಅಕ್ಟೋಬರಿಂದ ಅದನ್ನ ಸಾಲಗಾರನಿಗೆ ಅರ್ಥವಾಗೋ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲೇ ಕೇಳಿ ತಗೊಳ್ಳಿ. ಅದರಲ್ಲಿ ವಿಮೆಗೆ ಎಷ್ಟು ಹಿಡಿದಿದಾರೆ ನೋಡಿ, ಸತ್ತರೆ ಮಾತ್ರವಾ, ಕೈಕಾಲು ಹೋದ್ರೂ ಉಂಟಾ ಅಂತ ಬಾಯಿಬಿಟ್ಟು ಕೇಳಿ, ಉತ್ತರ ಬರೆಸಿಕೊಳ್ಳಿ. ಆ ಸುರಕ್ಷಾ ಬಿಮಾ ವರ್ಷ ಜೂನ್ 1ರಿಂದ ಮೇ 31ರ ತನಕ. 18ರಿಂದ 70 ವರ್ಷದ ತನಕ ಎಲ್ಲರಿಗೂ ಆಗುತ್ತೆ. ಮೇ ಕೊನೆ ವಾರ ಖಾತೆಯಲ್ಲಿ ದುಡ್ಡಿಲ್ಲದೆ ಆ ಇಪ್ಪತ್ತು ರೂಪಾಯಿ ಕಟ್ ಆಗದಿದ್ರೆ ಮತ್ತೆ ಕಟ್ಟಿ ಸೇರೋ ತನಕ ವಿಮೆ ಇಲ್ಲ. ನಮ್ಮೂರಲ್ಲಿ ಕಾಯಿ ಕೀಳೋ ಹುಡುಗರು ಹನ್ನೊಂದು ಜನ ಇದಾರೆ, ಹೋದ ವಾರ ಎಲ್ಲರ ಪಾಸ್‌ಬುಕ್ ನೋಡಿದೆ, ನಾಲ್ಕು ಜನರದ್ದು ಮಾತ್ರ ಕಟ್ ಆಗಿತ್ತು. ಉಳಿದ ಏಳು ಜನರನ್ನ ಸೋಮವಾರ ಬ್ಯಾಂಕಿಗೆ ಕರಕೊಂಡು ಹೋಗ್ತಿದೀನಿ.